ಬಾಡಿಗೆ ಮನೆ, ಅಡ್ವಾನ್ಸು, ಒಂದು ರಸೀದಿ

ಪಾಠಕ್ಕೆ ಮೊದಲು ಈ ಪದಗಳನ್ನು ಜೋರಾಗಿ ಓದಿ: ಬಾಡಿಗೆ, ಮುಂಗಡ, ಕರಾರು, ರಸೀದಿ, ನೋಂದಣಿ.

ಮುಂಗಡ ಅಂದರೆ ನಾವು ಅಡ್ವಾನ್ಸು ಅನ್ನುತ್ತೇವಲ್ಲ, ಅದೇ. ಕರಾರು ಅಂದರೆ ಅಗ್ರಿಮೆಂಟು. ಪದ ಹೊಸದು, ವಿಷಯ ಹಳೆಯದು. ಹೊಸೂರಿನಲ್ಲಿ ಬಾಡಿಗೆ ಮನೆಯಲ್ಲಿ ಇರುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತು.

ಒಬ್ಬ ಅಕ್ಕನ ಕತೆ ಕೇಳಿ. ಪಾಠಕ್ಕಾಗಿ ಅವಳನ್ನು ಗೌರಕ್ಕ ಎಂದು ಕರೆಯೋಣ. ಊರು ತಳಿ ಕಡೆ. ಮನೆಮಾತು ಕನ್ನಡ. ತಮಿಳು, ತೆಲುಗು ಎರಡೂ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಗಂಡನಿಗೆ ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ. ಮೂಕಂಡಪಲ್ಲಿಯಲ್ಲಿ ಒಂದು ಲೈನ್ ಮನೆ. ಒಂದು ಕೋಣೆ, ಒಂದು ಅಡುಗೆಮನೆ. ಬಾಡಿಗೆ 4,500 ರೂಪಾಯಿ.

ಮನೆಗೆ ಬರುವಾಗ 20,000 ರೂಪಾಯಿ ಅಡ್ವಾನ್ಸು ಕೊಟ್ಟರು. ಎರಡು ವರ್ಷ ಆದ ಮೇಲೆ ಓನರು, "ಇನ್ನೊಂದು ಹತ್ತು ಸಾವಿರ ಸೇರಿಸಿ ಕೊಡಮ್ಮ" ಅಂದರು. ಗೌರಕ್ಕ ಚೀಟಿ ದುಡ್ಡು ಬಂದಾಗ ಎಣಿಸಿ ಕೊಟ್ಟಳು. ಯಾರೂ ಏನೂ ಬರೆದುಕೊಳ್ಳಲಿಲ್ಲ. ಐದು ವರ್ಷ ಆದ ಮೇಲೆ ಮನೆ ಖಾಲಿ ಮಾಡಿದರು. ಅಷ್ಟರಲ್ಲಿ ಹಳೆ ಓನರು ತೀರಿಕೊಂಡಿದ್ದರು. ಅವರ ಮಗ ಕರಾರು ತೆಗೆದು ತೋರಿಸಿದ. ತಮಿಳಿನಲ್ಲಿ ಟೈಪು ಮಾಡಿದ ಕಾಗದ. ಅದರಲ್ಲಿ ಇದ್ದದ್ದು 20,000.

"ಮೂವತ್ತು ಕೊಟ್ಟಿದ್ದೀನಪ್ಪ. ನಿಮ್ಮಪ್ಪನ ಕೈಗೇ ಕೊಟ್ಟಿದ್ದು" ಅಂದಳು ಗೌರಕ್ಕ.

"ಇರಬಹುದು ಅಕ್ಕ. ಕಾಗದದಲ್ಲಿ ಇಲ್ವಲ್ಲ" ಅಂದ ಹುಡುಗ.

ಅವನು ಕೆಟ್ಟವನಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಕ್ಕಪಕ್ಕದವರು ಸೇರಿ ಮಾತಾಡಿ 25,000ಕ್ಕೆ ಮುಗಿಸಿದರು. ಸುಣ್ಣ ಬಣ್ಣಕ್ಕೆ ಅಂತ 3,000 ಹಿಡಿದರು. ಕೈಗೆ ಬಂದದ್ದು 22,000. ಗೌರಕ್ಕ ಮನೆಮನೆಯಲ್ಲಿ ಪಾತ್ರೆ ತೊಳೆದು ಕೂಡಿಸಿದ ದುಡ್ಡಿನಲ್ಲಿ 8,000 ಹೋಯಿತು.

ಈಗ ಆಕೆಗೆ ಬೇರೆ ಮನೆ ಬೇಕಿತ್ತು. ಹುಡುಕಲು ಹೋದಾಗ ಇನ್ನೊಂದು ಗಾಬರಿ. ಅಷ್ಟೇ ದೊಡ್ಡ ಮನೆಗೆ 6,500 ಕೇಳುತ್ತಿದ್ದಾರೆ!

ಬಾಡಿಗೆ ಯಾಕೆ ಏರುತ್ತದೆ?

ಹೊಸೂರು ಮೊದಲು ಸಣ್ಣ ಊರು. 1970ರ ದಶಕದಲ್ಲಿ ತಮಿಳುನಾಡು ಸರ್ಕಾರ ಇಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಮಾಡಿತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಕಾರ್ಖಾನೆಗಳು ಬಂದವು. 2004ರಲ್ಲಿ ಧರ್ಮಪುರಿಯಿಂದ ಬೇರೆಯಾಗಿ ಕೃಷ್ಣಗಿರಿ ಜಿಲ್ಲೆ ಆಯಿತು. 2011ರ ಜನಗಣತಿಯಲ್ಲಿ ಹೊಸೂರು ಪಟ್ಟಣದಲ್ಲಿ 1 ಲಕ್ಷ 16 ಸಾವಿರಕ್ಕೂ ಹೆಚ್ಚು ಜನ ಇದ್ದರು. 2019ರಲ್ಲಿ ಊರು ಮಹಾನಗರ ಪಾಲಿಕೆ ಆಯಿತು. ಆಮೇಲೆ ವಿದ್ಯುತ್ ಸ್ಕೂಟರಿನ ಕಾರ್ಖಾನೆ, ಮೊಬೈಲ್ ಬಿಡಿಭಾಗದ ಕಾರ್ಖಾನೆಗಳೂ ಬಂದವು. ಬಿಹಾರ, ಒಡಿಶಾ, ಜಾರ್ಖಂಡಿನಿಂದ ಹುಡುಗರು, ಹುಡುಗಿಯರು ಕೆಲಸಕ್ಕೆ ಬರುತ್ತಾರೆ. ಬೆಂಗಳೂರು ಇಲ್ಲಿಗೆ ಸುಮಾರು 40 ಕಿಲೋಮೀಟರು. ಅಲ್ಲಿ ಬಾಡಿಗೆ ಕಟ್ಟಲಾಗದವರು ಅತ್ತಿಬೆಲೆ ದಾಟಿ ಇಲ್ಲಿ ಮನೆ ಹಿಡಿಯುತ್ತಾರೆ. ಬೆಳಿಗ್ಗೆ ಬಸ್ಸು ಹತ್ತಿ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುತ್ತಾರೆ.

ಸಂತೆಯಲ್ಲಿ ಟೊಮ್ಯಾಟೊ ಕಡಿಮೆ ಬಂದು ಕೊಳ್ಳುವವರು ಹೆಚ್ಚಾದರೆ ಏನಾಗುತ್ತದೆ? ಬೆಲೆ ಏರುತ್ತದೆ. ಮನೆಗೂ ಹಾಗೇ. ಆದರೆ ಟೊಮ್ಯಾಟೊ ಮೂರು ತಿಂಗಳಲ್ಲಿ ಮತ್ತೆ ಬೆಳೆಯಬಹುದು. ಮನೆ ಕಟ್ಟಲು ಒಂದು ವರ್ಷ, ಎರಡು ವರ್ಷ ಬೇಕು.

ಇನ್ನೊಂದು ಲೆಕ್ಕ ನೋಡಿ. ಒಂದು ಮನೆಯಲ್ಲಿ ನಾಲ್ಕು ಹುಡುಗರು ಸೇರಿ ಇರುತ್ತಾರೆ. ತಲೆಗೆ 2,000 ಕೊಟ್ಟರೂ 8,000 ಆಯಿತು. ಒಬ್ಬರ ಸಂಬಳದಲ್ಲಿ ನಡೆಯುವ ಸಂಸಾರಕ್ಕೆ 8,000 ಕೊಡಲು ಆಗುತ್ತದೆಯೇ? ಹಾಗಾಗಿ ಕಾರ್ಖಾನೆ ಹತ್ತಿರದ ಓಣಿಗಳಲ್ಲಿ ಸಂಸಾರಸ್ಥರಿಗೆ ಮನೆ ಸಿಗುವುದು ಕಷ್ಟವಾಗುತ್ತದೆ. ತಳಿ ರಸ್ತೆ, ಡೆಂಕಣಿಕೋಟೆ ರಸ್ತೆ, ಬಾಗಲೂರು ರಸ್ತೆ ಹಿಡಿದು ದೂರ ಹೋದರೆ ಬಾಡಿಗೆ ಇಳಿಯುತ್ತದೆ, ಬಸ್ಸಿನ ಖರ್ಚು ಏರುತ್ತದೆ. ದೂರದ ಮನೆ ಅಗ್ಗ ಅನ್ನುವ ಮೊದಲು ಎರಡನ್ನೂ ಕೂಡಿಸಿ ನೋಡಬೇಕು.

ಓನರುಗಳ ಮಾತನ್ನೂ ಹೇಳಬೇಕು. ಅವರಲ್ಲಿ ಎಷ್ಟೋ ಜನ ನಮ್ಮ ಹಾಗೇ ರಾಗಿ ಬೆಳೆಯುತ್ತಿದ್ದವರು. ಹೊಲ ಮಾರಿ, ಸಾಲ ಮಾಡಿ ಲೈನ್ ಮನೆ ಕಟ್ಟಿಸಿದವರು. 2022ರಲ್ಲಿ ತಮಿಳುನಾಡಿನ ಪಟ್ಟಣಗಳಲ್ಲಿ ಆಸ್ತಿ ತೆರಿಗೆ ಹೆಚ್ಚಾಯಿತು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಬೇಕು. ಬ್ಯಾಂಕಿನ ಕಂತು ತಪ್ಪುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಹುಡುಗರೆಲ್ಲ ಊರಿಗೆ ಹೋದಾಗ ಮನೆಗಳು ಖಾಲಿ ಬಿದ್ದಿದ್ದವು. ಬಾಡಿಗೆ ಏರಿದ್ದು ಮಾತ್ರ ನಮ್ಮ ನೆನಪಿನಲ್ಲಿ ಉಳಿಯುತ್ತದೆ, ಅಲ್ಲವೇ?

ಕಾನೂನು ಏನು ಹೇಳುತ್ತದೆ?

ತಮಿಳುನಾಡಿನಲ್ಲಿ 1960ರ ಬಾಡಿಗೆ ಕಾನೂನು ಬಹಳ ವರ್ಷ ಇತ್ತು. ಅದರ ಬದಲಿಗೆ 2017ರಲ್ಲಿ ಹೊಸ ಕಾನೂನು ಮಾಡಿದರು. ಅದು 2019ರ ಫೆಬ್ರವರಿ 22ರಿಂದ ಜಾರಿಗೆ ಬಂತು. ಹೊಸೂರಿನಂತಹ ಪಟ್ಟಣದ ಮನೆಗಳಿಗೆ ಇದು ಅನ್ವಯಿಸುತ್ತದೆ. (ಅತ್ತಿಬೆಲೆ ದಾಟಿದರೆ ಕರ್ನಾಟಕದ ಕಾನೂನು. ಅದು ಬೇರೆ.)

ಬಾಡಿಗೆ ಇಷ್ಟೇ ಇರಬೇಕು ಎಂದು ಈ ಕಾನೂನು ಹೇಳುವುದಿಲ್ಲ. ಬಾಡಿಗೆ ಎಷ್ಟು ಎಂಬುದು ಓನರಿಗೂ ನಮಗೂ ಆಗುವ ಮಾತು. ಆದರೆ ಆ ಮಾತು ಬರಹದಲ್ಲಿ ಇರಬೇಕು. ಕರಾರನ್ನು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ಪ್ರಾಧಿಕಾರ ಅಂದರೆ ಇದಕ್ಕೆಂದೇ ನೇಮಿಸಿದ ಅಧಿಕಾರಿ. ಅವರು ಡೆಪ್ಯುಟಿ ಕಲೆಕ್ಟರ್ ದರ್ಜೆಗೆ ಕಡಿಮೆ ಇರಬಾರದು. ನೋಂದಣಿ ಇಲ್ಲದಿದ್ದರೆ, ಜಗಳ ಬಂದಾಗ ಆ ಕರಾರನ್ನು ಸಾಕ್ಷಿಯಾಗಿ ತೋರಿಸುವುದು ಕಷ್ಟ. ಕರಾರಿನ ಅವಧಿಯಲ್ಲಿ ಬಾಡಿಗೆ ಏರಿಸುವುದೂ ಅದರಲ್ಲಿ ಬರೆದ ಪ್ರಕಾರವೇ ಆಗಬೇಕು.

ಈಗ ಅಡ್ವಾನ್ಸಿನ ವಿಷಯಕ್ಕೆ ಬರೋಣ. ಇದನ್ನು ನಿಧಾನವಾಗಿ ಓದಿ. ಮೂರು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸು ಕೇಳಬಾರದು ಎಂದು ಕಾನೂನಿನಲ್ಲಿ ಇದೆ. ಅದರ ಜೊತೆಗೆ ಒಂದು ಸಣ್ಣ ಬಾಗಿಲೂ ಇದೆ. ಇಬ್ಬರೂ ಬೇರೆ ರೀತಿ ಒಪ್ಪಿಕೊಂಡರೆ ಹೆಚ್ಚು ಆಗಬಹುದು. ಹತ್ತು ತಿಂಗಳ ಅಡ್ವಾನ್ಸು ಕೇಳುವವರು ಈ ಬಾಗಿಲಿನಿಂದಲೇ ಬರುತ್ತಾರೆ. ಕರಾರಿನಲ್ಲಿ ಬರೆದದ್ದಕ್ಕೆ ನಾವು ಸಹಿ ಹಾಕಿದರೆ ಒಪ್ಪಿಕೊಂಡ ಹಾಗೆ. ಮನೆ ಬಿಟ್ಟ ಮೇಲೆ, ಬಾಕಿ ಇದ್ದರೆ ಹಿಡಿದುಕೊಂಡು, ಉಳಿದ ಅಡ್ವಾನ್ಸನ್ನು ಒಂದು ತಿಂಗಳ ಒಳಗೆ ವಾಪಸು ಕೊಡಬೇಕು.

ಬಾಡಿಗೆ ಕೊಟ್ಟಾಗ ರಸೀದಿ ಕೇಳುವುದು ಬಾಡಿಗೆಯವರ ಹಕ್ಕು. ಬ್ಯಾಂಕಿನಿಂದ ಕಳಿಸಿದರೆ ಬ್ಯಾಂಕಿನ ದಾಖಲೆಯೇ ಸಾಕ್ಷಿ. ಜಗಳ ಬಂತು ಅಂತ ನೀರು, ಕರೆಂಟು ಕತ್ತರಿಸುವಂತಿಲ್ಲ. ಎರಡು ತಿಂಗಳ ಬಾಡಿಗೆ ಕೊಡದಿದ್ದರೆ ಮನೆ ಬಿಡಿಸಿಕೊಡಿ ಎಂದು ಓನರೂ ಕೇಳಬಹುದು. ಅದೂ ಕಾನೂನಿನಲ್ಲೇ ಇದೆ.

ಕರೆಂಟಿನ ಮಾತು ಬಂತು. ಮನೆಗಳಿಗೆ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಉಚಿತ ಎಂದು ತಮಿಳುನಾಡು ಸರ್ಕಾರ 2016ರಲ್ಲಿ ಮಾಡಿತು. ಆ ಲೆಕ್ಕ ಮೀಟರಿಗೆ, ಸಂಸಾರಕ್ಕೆ ಅಲ್ಲ. ಐದು ಮನೆಗೆ ಒಂದೇ ಮೀಟರು ಇದ್ದರೆ ಬಿಲ್ಲು ದೊಡ್ಡದಾಗುತ್ತದೆ, ಯೂನಿಟ್ಟಿನ ದರವೂ ಏರುತ್ತದೆ. ಮನೆ ನೋಡುವಾಗ ಗೋಡೆ ನೋಡುತ್ತೀರಿ, ನೀರು ನೋಡುತ್ತೀರಿ. ಮೀಟರನ್ನೂ ನೋಡಿ.

ಭೋಗ್ಯಕ್ಕೆ ಮನೆ ಹಿಡಿಯುವವರಿಗೆ ಒಂದು ಮಾತು. ಎರಡು ಲಕ್ಷ, ಮೂರು ಲಕ್ಷ ಒಟ್ಟಿಗೆ ಕೊಟ್ಟರೆ ಬಾಡಿಗೆ ಇಲ್ಲ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಆ ಮನೆಯನ್ನು ಬ್ಯಾಂಕಿನಲ್ಲಿ ಅಡ ಇಟ್ಟಿದ್ದರೆ? ಸಾಲ ಕಟ್ಟದೆ ಬ್ಯಾಂಕು ಬೀಗ ಹಾಕಿದರೆ ನಮ್ಮ ದುಡ್ಡು ಎಲ್ಲಿ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇ.ಸಿ. ಎಂಬ ಕಾಗದ ಸಿಗುತ್ತದೆ. ತಮಿಳಿನಲ್ಲಿ ವಿಲ್ಲಂಗ ಸರ್ಟಿಫಿಕೇಟು ಅನ್ನುತ್ತಾರೆ. ಮನೆಯ ಮೇಲೆ ನೋಂದಣಿ ಆದ ಸಾಲ ಇದ್ದರೆ ಅದರಲ್ಲಿ ತಿಳಿಯುತ್ತದೆ. ದುಡ್ಡು ಕೊಡುವ ಮೊದಲು ಅದನ್ನು ತೆಗೆಸಿ ನೋಡಬೇಕು. ಕೊಟ್ಟ ಮೇಲೆ ನೋಡಿ ಫಲವಿಲ್ಲ.

ತಮಿಳು ಕಾಗದ ಓದುವುದು ಹೇಗೆ?

ಗೌರಕ್ಕ ಹೊಸ ಮನೆ ನೋಡಿದಳು. ಓನರು ಬಾಡಿಗೆ 6,500, ಅಡ್ವಾನ್ಸು 65,000 ಕೇಳಿದರು. ಮೂರು ತಿಂಗಳ ಲೆಕ್ಕ ಹಾಕಿದರೆ 19,500. ಗೌರಕ್ಕ ಅದನ್ನು ಹೇಳಿದಳು. ಓನರು ನಕ್ಕರು. "ಕಾನೂನು ಎಲ್ಲಾ ತಿಳ್ಕೊಂಡು ಬಂದಿದ್ದೀಯಾ" ಅಂದರು. ಮಾತಾಡಿ ಮಾತಾಡಿ 40,000ಕ್ಕೆ ಒಪ್ಪಿದರು.

ಕರಾರು ಮತ್ತೆ ತಮಿಳಿನಲ್ಲೇ ಬಂತು. ಈ ಸಲ ಆಕೆ ಹೆಬ್ಬೆಟ್ಟು ಒತ್ತಲಿಲ್ಲ. ಮೊದಲು ಅಂಕಿ ಹುಡುಕಿದಳು. ಅಕ್ಷರ ಬೇರೆ ಆದರೂ ತಮಿಳು ಕಾಗದದಲ್ಲಿ ಅಂಕಿ 1, 2, 3 ಎಂದೇ ಇರುತ್ತವೆ. ನಮ್ಮ ಪುಸ್ತಕದಲ್ಲಿ ನೀವು ೬ ಕಲಿತಿದ್ದೀರಿ. ಕರಾರಿನಲ್ಲಿ ಅದು 6. ೪ ಅಲ್ಲಿ 4. ಇವನ್ನು ಗುರುತು ಹಿಡಿದರೆ ಬಾಡಿಗೆ, ಅಡ್ವಾನ್ಸು, ತಾರೀಕು, ಎಷ್ಟು ತಿಂಗಳು, ಇಷ್ಟೂ ತಿಳಿಯುತ್ತದೆ. ಉಳಿದ ಮಾತುಗಳನ್ನು ಹೈಸ್ಕೂಲಿಗೆ ಹೋಗುವ ಮಗಳ ಕೈಲಿ ಓದಿಸಿದಳು. ಆಮೇಲೆ ಕನ್ನಡದಲ್ಲಿ ಸಹಿ ಹಾಕಿದಳು.

"ಅಣ್ಣಾ, ಅಡ್ವಾನ್ಸಿಗೆ ಒಂದು ಚೀಟಿ ಬರೆದುಕೊಡಿ" ಅಂದಳು.

"ಯಾಕಮ್ಮಾ, ನಂಬಿಕೆ ಇಲ್ವಾ?"

"ನಂಬಿಕೆ ಐತೆ ಅಣ್ಣಾ. ನಂಗೆ ಮರೆವು ಜಾಸ್ತಿ."

ಈಗ ಪ್ರತಿ ತಿಂಗಳೂ ಆಕೆ ರಸೀದಿ ತಾನೇ ಬರೆದುಕೊಂಡು ಹೋಗುತ್ತಾಳೆ. ಓನರು ಸಹಿ ಮಾತ್ರ ಹಾಕುತ್ತಾರೆ. ಆ ರಸೀದಿ ಹೀಗಿದೆ:

ರಸೀದಿ
ದಿನಾಂಕ: 5-6-2025
ಜೂನ್ ತಿಂಗಳ ಮನೆ ಬಾಡಿಗೆ ರೂ. 6,500 (ಆರು ಸಾವಿರದ ಐನೂರು ರೂಪಾಯಿ) ಗೌರಮ್ಮನವರಿಂದ ಪಡೆದಿದ್ದೇನೆ. ಅವರ ಮುಂಗಡ ಹಣ ರೂ. 40,000 (ನಲವತ್ತು ಸಾವಿರ ರೂಪಾಯಿ) ನನ್ನ ಬಳಿ ಇದೆ.
ಮನೆ ಮಾಲೀಕರ ಸಹಿ

ಕೊನೆಯ ಸಾಲು ನೋಡಿದಿರಾ? ಅಡ್ವಾನ್ಸು ಎಷ್ಟಿದೆ ಎಂದು ಪ್ರತಿ ರಸೀದಿಯಲ್ಲೂ ಬರೆಯುತ್ತಾಳೆ. ಹಿಂದಿನ ಮನೆಯಲ್ಲಿ ಈ ಒಂದು ಸಾಲು ಇರಲಿಲ್ಲ.

ಅಭ್ಯಾಸ

1. ಗೌರಕ್ಕ ಹಳೆ ಮನೆಗೆ ಒಟ್ಟು ಎಷ್ಟು ಅಡ್ವಾನ್ಸು ಕೊಟ್ಟಿದ್ದಳು? ಕಾಗದದಲ್ಲಿ ಎಷ್ಟಿತ್ತು?
2. ಬಾಡಿಗೆ 5,000 ಆದರೆ ಮೂರು ತಿಂಗಳದು ಎಷ್ಟು? ಹತ್ತು ತಿಂಗಳದು ಎಷ್ಟು?
3. ಊರಾಚೆಯ ಮನೆಗೆ ಬಾಡಿಗೆ 5,000. ಬಸ್ಸಿಗೆ ದಿನಕ್ಕೆ 40 ರೂಪಾಯಿ, ತಿಂಗಳಿಗೆ 26 ದಿನ ಕೆಲಸ. ಊರೊಳಗಿನ ಮನೆಗೆ ಬಾಡಿಗೆ 6,000. ಬಸ್ಸು ಬೇಡ. ಯಾವುದು ಅಗ್ಗ?
4. ಮೇಲಿನ ರಸೀದಿಯನ್ನು ನಿಮ್ಮ ಹೆಸರು, ನಿಮ್ಮ ಬಾಡಿಗೆ ಹಾಕಿ ನೋಟುಪುಸ್ತಕದಲ್ಲಿ ಬರೆಯಿರಿ.
5. ಮನೆಯಲ್ಲಿ ಕರಾರು ಇದ್ದರೆ ಅದರ ನಕಲನ್ನು ನಾಳೆ ತನ್ನಿ. ಅದರಲ್ಲಿರುವ ಎಲ್ಲ ಅಂಕಿಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯೋಣ.