ಮೊದಲು ನೋಡಿದವರಿಗೆ ಹೊಣೆಯೂ ಹೆಚ್ಚು

ಹಿರೇಗುಂಟನೂರಿನ ಹುಡುಗ ಹುಡುಗಿಯರಿಗೆ ಈ ಹಿರಿಯನದೊಂದು ಮಾತು. ಓದಲು ದುರ್ಗಕ್ಕೆ ಓಡಾಡುವ ನಿಮ್ಮ ಕೈಯಲ್ಲಿ ಫೋನಿದೆ, ಕೆಲವರ ಮನೆಯಲ್ಲಿ ಲ್ಯಾಪ್‌ಟಾಪೂ ಇದೆ. ಯಾವುದೋ ಕಂಪನಿಯ ಹೊಸ ಬ್ರೌಸರ್ ಬಿಡುಗಡೆಗೆ ಮುಂಚೆಯೇ ಸೋರಿತಂತೆ, ಯಾರೋ ಲಿಂಕ್ ಕಳಿಸಿದರಂತೆ. ಹಾಕಿಕೊಂಡು ನೋಡಿ, ‘ಸೂಪರ್’ ಅಂತಲೋ ‘ಡಬ್ಬಾ’ ಅಂತಲೋ ಗ್ರೂಪಿಗೆ ಬರೆಯುವುದು ನಿಮಗೆ ಐದು ನಿಮಿಷದ ಕೆಲಸ. ಹೊಸದರ ಮೇಲಿನ ಆಸೆಗೆ ನಾನು ಬೈಯುವುದಿಲ್ಲ. ಆದರೆ ಎಲ್ಲರಿಗಿಂತ ಮೊದಲು ನೋಡಿದೆವು ಎಂದ ಮಾತ್ರಕ್ಕೆ ಮಾತಿಗೆ ತೂಕ ಬರುವುದಿಲ್ಲ. ಏನು ನೋಡಿದಿರಿ, ಅದನ್ನು ಯಾರಿಗೆ ಹೇಳಿದಿರಿ ಎನ್ನುವುದರಿಂದ ಬರುತ್ತದೆ.

2019ರಲ್ಲಿ ನಡೆದದ್ದನ್ನೇ ತೆಗೆದುಕೊಳ್ಳಿ. ಎಡ್ಜ್ ಬ್ರೌಸರನ್ನು ಕ್ರೋಮ್‌ಗೆ ಬುನಾದಿಯಾಗಿರುವ ಕ್ರೋಮಿಯಂ ಮೇಲೆಯೇ ಹೊಸದಾಗಿ ಕಟ್ಟುತ್ತೇವೆಂದು ಮೈಕ್ರೋಸಾಫ್ಟ್ 2018ರ ಡಿಸೆಂಬರ್‌ನಲ್ಲಿ ಹೇಳಿತ್ತು. ಮುಂದಿನ ಮಾರ್ಚ್ ಮುಗಿಯುವ ಹೊತ್ತಿಗೆ ಅದರ ಪರೀಕ್ಷಾ ಆವೃತ್ತಿ ಸೋರಿ ಹೊರಬಿತ್ತು. ವೇಗ ಚೆನ್ನಾಗಿದೆ, ಕ್ರೋಮ್‌ನ ಎಕ್ಸ್‌ಟೆನ್ಷನ್‌ಗಳೂ ನಡೆಯುತ್ತವೆ ಎಂದು ಹಲವರು ಮೆಚ್ಚಿದರು. ಇದು ಹೆಸರು ಬದಲಿಸಿದ ಕ್ರೋಮ್ ಅಷ್ಟೇ ಎಂದು ಕೆಲವರು ತಳ್ಳಿಹಾಕಿದರು. ಹಳೆಯ ಎಡ್ಜ್‌ನಲ್ಲಿ ಪುಟದ ಮೇಲೆಯೇ ಪೆನ್ನಿನಿಂದ ಬರೆಯಬಹುದಿತ್ತು, ತೆರೆದ ಟ್ಯಾಬ್‌ಗಳನ್ನು ಪಕ್ಕಕ್ಕೆ ಎತ್ತಿಡಬಹುದಿತ್ತು, ಇದರಲ್ಲಿ ಅವೆರಡೂ ಇಲ್ಲವಲ್ಲ ಎಂದು ಗೊಣಗಿದವರೂ ಇದ್ದರು. ಏಪ್ರಿಲ್ 8ರಂದು ಕಂಪನಿಯೇ ಕ್ಯಾನರಿ, ಡೆವ್ ಎಂಬ ಎರಡು ಪರೀಕ್ಷಾ ಆವೃತ್ತಿಗಳನ್ನು ಎಲ್ಲರಿಗೂ ಬಿಟ್ಟಿತು. ಕ್ಯಾನರಿ ಹೆಚ್ಚುಕಡಿಮೆ ದಿನಾ ಬದಲಾಗುವಂಥದ್ದು, ಡೆವ್ ವಾರಕ್ಕೊಮ್ಮೆ. ಪೂರ್ತಿ ಸಿದ್ಧವಾದ ಬ್ರೌಸರ್ ಬಂದದ್ದು 2020ರ ಜನವರಿ 15ಕ್ಕೆ. ಸೋರಿದ ದಿನ ತೀರ್ಪು ಕೊಟ್ಟವರು ಒಂಬತ್ತು ತಿಂಗಳಿಗೂ ಮಿಕ್ಕಿದ ಕೆಲಸ ಬಾಕಿಯಿದ್ದ ವಸ್ತುವಿಗೆ ತೀರ್ಪು ಕೊಟ್ಟಿದ್ದರು.

ನಮ್ಮ ಭೀಮಸಮುದ್ರದ ಕಡೆ ತೋಟವನ್ನು ಖೇಣಿ ಹಿಡಿಯುವವನೂ ಮರದ ಮೇಲಿನ ಗೊನೆ ನೋಡಿಯೇ ಬೆಲೆ ಕಟ್ಟುತ್ತಾನೆ. ಅಡಿಕೆ ಸುಲಿದಿಲ್ಲ, ಬೇಯಿಸಿಲ್ಲ, ಒಣಗಿಸಿಲ್ಲ. ಆದರೂ ಅವನ ಅಂದಾಜನ್ನು ಜನ ನಂಬುತ್ತಾರೆ, ಯಾಕೆಂದರೆ ಲೆಕ್ಕ ತಪ್ಪಿದರೆ ಹೋಗುವುದು ಅವನದೇ ದುಡ್ಡು. ಗ್ರೂಪಿನಲ್ಲಿ ತೀರ್ಪು ಬರೆಯುವ ನಿಮಗೆ ಕಳೆದುಕೊಳ್ಳುವುದು ಏನೂ ಇಲ್ಲ. ಆದ್ದರಿಂದ ನಿಮಗೆ ನೀವೇ ಒಂದು ಕಟ್ಟುಪಾಡು ಹಾಕಿಕೊಳ್ಳಿ. ಒಂದು ಸೌಕರ್ಯ ಕಾಣದಿದ್ದರೆ, ಅದನ್ನು ಇನ್ನೂ ಮಾಡಿಲ್ಲವೋ, ಮಾಡಿದ್ದು ಕೆಟ್ಟಿದೆಯೋ, ಬೇಡವೆಂದೇ ಬಿಟ್ಟಿದ್ದಾರೋ ಎಂದು ಮೊದಲು ವಿಚಾರಿಸಿ. ಮೊದಲನೆಯದಕ್ಕೆ ತಾಳ್ಮೆ ಬೇಕು, ಎರಡನೆಯದಕ್ಕೆ ದೂರು ಬೇಕು, ಮೂರನೆಯದಕ್ಕೆ ವಾದ ಬೇಕು.

ದೂರು ನಾಟುವುದು ಹೇಗೆ ಎಂಬುದಕ್ಕೆ ಕ್ರೋಮ್‌ನ ಕಥೆ ಕೇಳಿ. ಆ ಬ್ರೌಸರನ್ನು ವಿವರಿಸಲು ಸ್ಕಾಟ್ ಮೆಕ್‌ಕ್ಲೌಡ್ ಬಿಡಿಸಿದ್ದ ಕಾಮಿಕ್ಸ್ ಪುಸ್ತಕ ಅವಧಿಗೆ ಮುಂಚೆಯೇ ಕೆಲವರ ಕೈಸೇರಿ, 2008ರ ಸೆಪ್ಟೆಂಬರ್ 1ರಂದು ಗುಟ್ಟು ರಟ್ಟಾಯಿತು. ಮರುದಿನವೇ ವಿಂಡೋಸ್‌ಗೆ ಬೀಟಾ ಆವೃತ್ತಿ ಬಂತು. ಜನ ವೇಗವನ್ನು ಕೊಂಡಾಡುತ್ತಿರುವಾಗ ಕೆಲವರು ಕೂತು ಷರತ್ತುಗಳನ್ನು ಓದಿದರು. ಬಳಕೆದಾರರು ಬ್ರೌಸರ್ ಮೂಲಕ ಹಾಕುವ ಬರಹ, ಚಿತ್ರಗಳನ್ನು ಬಳಸಿಕೊಳ್ಳುವ ಹಕ್ಕು ಗೂಗಲ್‌ಗೆ ಸಿಗುವ ಹಾಗೆ 11ನೇ ಕಲಮು ಇತ್ತು. ಗಲಾಟೆಯಾಯಿತು. ಬೇರೆ ಸೇವೆಗಳ ಷರತ್ತನ್ನೇ ಇಲ್ಲಿಗೂ ತಂದು ಹಾಕಿದ್ದರಿಂದ ಹೀಗಾಯಿತೆಂದು ಗೂಗಲ್ ಒಪ್ಪಿಕೊಂಡು, ಕೆಲವೇ ದಿನದಲ್ಲಿ ಅದನ್ನು ತಿದ್ದಿತು. ಅಷ್ಟು ದೊಡ್ಡ ಕಂಪನಿ ಅಲುಗಿದ್ದು, ಇಂಥ ಕಲಮಿನಲ್ಲಿ ಇಂಥ ಮಾತಿದೆ ಎಂದು ಬೆರಳಿಟ್ಟು ತೋರಿಸಿದವರಿಂದ.

ಬೆಂಗಳೂರಿನಲ್ಲೂ ಒಂದು ಬ್ರೌಸರ್ ಹುಟ್ಟಿತ್ತು. ಹಿಡನ್ ರಿಫ್ಲೆಕ್ಸ್ ಎಂಬ ಕಂಪನಿ 2010ರ ಜುಲೈನಲ್ಲಿ ಎಪಿಕ್ ಬ್ರೌಸರ್ ತಂದಿತು. ಬುನಾದಿ ಫೈರ್‌ಫಾಕ್ಸ್‌ನದು, ಒಳಗೇ ವೈರಸ್ ತಡೆ, ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡುವ ಸೌಕರ್ಯ. ನಮ್ಮ ದೇಶದ್ದೆಂದು ಕೆಲವರು ಹಿಗ್ಗಿದರು, ಫೈರ್‌ಫಾಕ್ಸ್‌ಗೇ ಅಲಂಕಾರ ಮಾಡಿದ್ದಾರೆಂದು ಕೆಲವರು ಮೂಗು ಮುರಿದರು. 2013ರಲ್ಲಿ ಅದು ಕ್ರೋಮಿಯಂ ಬುನಾದಿಗೆ ಬದಲಾಗಿ, ಬಳಕೆದಾರರ ಖಾಸಗಿತನ ಕಾಯುವುದನ್ನೇ ಮುಖ್ಯ ಕೆಲಸ ಮಾಡಿಕೊಂಡಿತು. ಹಿಗ್ಗುವವರಿಗೂ ಮೂಗು ಮುರಿಯುವವರಿಗೂ ನಮ್ಮಲ್ಲಿ ಬರವಿಲ್ಲ. ಕನ್ನಡಕ್ಕೆ ಬೇಕಾಗಿರುವುದು, ಯಾವ ಅಕ್ಷರ ಎಲ್ಲಿ ಒಡೆಯಿತೆಂದು ಹೇಳುವವರು.

ಅದು ನಿಮ್ಮಿಂದ ಆಗುತ್ತದೆ. ಹಳೆಯ ಫಾಂಟ್‌ಗಳ ಕಾಲದಲ್ಲಿ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಪುಟ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತಿದ್ದವು. ಯೂನಿಕೋಡ್ ಬಂದ ಮೇಲೆ ಆ ಕಷ್ಟ ತಪ್ಪಿದರೂ ಒತ್ತಕ್ಷರ ಈಗಲೂ ಪರೀಕ್ಷೆಗೆ ಒಡ್ಡಬೇಕಾದದ್ದೇ. ‘ಚಿತ್ರದುರ್ಗ’ ಎಂದು ಬರೆದರೆ ಒತ್ತೂ ಅರ್ಕಾವತ್ತೂ ಒಂದೇ ಪದದಲ್ಲಿ ಸಿಗುತ್ತವೆ. ‘ಸೂರ್ಯ’ದಲ್ಲಿ ಅರ್ಕಾವತ್ತು ಬರಬೇಕು, ‘ರ‍್ಯಾಂಕ್’ನಲ್ಲಿ ಬರಬಾರದು. ಪುಟದೊಳಗೆ ಕನ್ನಡ ಪದ ಹುಡುಕಿ ನೋಡಿ, ಪಿಡಿಎಫ್ ಮಾಡಿ ತೆರೆದು ನೋಡಿ. ಕನ್ನಡ ಬಾರದ ಎಂಜಿನಿಯರಿಗೆ ಇವುಗಳಲ್ಲಿ ಒಂದೂ ಕಣ್ಣಿಗೆ ಬೀಳುವುದಿಲ್ಲ.

ಆದರೆ ಸೋರಿದ ಫೈಲು ಮಾತ್ರ ಬೇಡ. ಬ್ರೌಸರ್ ಎಂದರೆ ನಿಮ್ಮ ಬ್ಯಾಂಕಿನ ಪಾಸ್‌ವರ್ಡ್, ಅಪ್ಪನ ಆಧಾರ್ ನಂಬರ್, ಸ್ಕಾಲರ್‌ಶಿಪ್ ಅರ್ಜಿ ಎಲ್ಲವೂ ಹಾದುಹೋಗುವ ದಾರಿ. ಆ ಫೈಲಿಗೆ ನಡುವೆ ಯಾರು ಏನು ಸೇರಿಸಿದ್ದಾರೋ ನಿಮಗೆ ತಿಳಿಯದು. ಲೋಪ ಕಂಡರೆ ತಿದ್ದುಪಡಿ ಬರುತ್ತದೆಂಬ ಭರವಸೆಯೂ ಇಲ್ಲ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರೂ ತಮ್ಮ ಪರೀಕ್ಷಾ ಆವೃತ್ತಿಗಳನ್ನು ತಾವೇ ಪುಕ್ಕಟೆ ಕೊಡುತ್ತವೆ. ಆ ಬಾಗಿಲಿನಿಂದಲೇ ಹೋಗಿ. ದಿನಬಳಕೆಯ ಬ್ರೌಸರನ್ನು ಹಾಗೇ ಇಟ್ಟುಕೊಂಡು ಇದನ್ನು ಬೇರೆಯಾಗಿ ಹಾಕಿಕೊಳ್ಳಿ, ಇದರಲ್ಲಿ ಹಣದ ವ್ಯವಹಾರ ಮಾಡಬೇಡಿ. ನಾಳೆ ನಿಮ್ಮಲ್ಲೇ ಯಾರಾದರೂ ಇಂಥ ಕಂಪನಿಗೆ ಟೆಸ್ಟರ್ ಆಗಿ ಸೇರಿದರೆ, ಗುಟ್ಟು ಕಾಯುತ್ತೇನೆಂದು ಸಹಿ ಹಾಕಿದ್ದನ್ನು ಗೆಳೆಯರ ಶಹಭಾಸ್‌ಗಿರಿಗೆ ಮಾರಿಕೊಳ್ಳಬೇಡಿ.

ದೋಷ ಕಂಡಾಗ ಬ್ರೌಸರಿನ ಫೀಡ್‌ಬ್ಯಾಕ್ ಜಾಗದಲ್ಲಿ ಬರೆಯಿರಿ. ಆವೃತ್ತಿಯ ನಂಬರ್ ಯಾವುದು, ನೀವು ಏನು ಮಾಡಿದಿರಿ, ಏನು ಬರಬೇಕಿತ್ತು, ಏನು ಬಂತು, ಜೊತೆಗೊಂದು ಸ್ಕ್ರೀನ್‌ಶಾಟ್. ಇಂಗ್ಲಿಷ್ ತೊಡಕೆನಿಸಿದರೆ ನಾಲ್ಕೇ ಸಾಲು ಸಾಕು. ಗ್ರೂಪಿಗೆ ಆಮೇಲೆ ಹಾಕಿ. ಮುಂದಿನ ಆವೃತ್ತಿಯಲ್ಲೂ ದೋಷ ಹಾಗೇ ಉಳಿದಿದ್ದರೆ, ಬೇಸರಪಡದೆ ಇನ್ನೊಮ್ಮೆ ಬರೆಯಿರಿ.