ಟ್ಯೂಬರಸ್ ಸ್ಕ್ಲೆರೋಸಿಸ್ ಮತ್ತು ಹಸುಗೂಸಿನ ಹೃದಯ

ನವಜಾತ ಶಿಶುಗಳ ಹೃದಯದಲ್ಲಿ ಹೆಚ್ಚಾಗಿ ಕಾಣುವ ಗಡ್ಡೆ ರ‍್ಯಾಬ್ಡೊಮಯೋಮಾ. ಇದು ಕ್ಯಾನ್ಸರ್ ಅಲ್ಲ. ಆದರೆ ಒಂದಕ್ಕಿಂತ ಹೆಚ್ಚು ಗಡ್ಡೆಗಳಿದ್ದರೆ ವೈದ್ಯರು ಮೊದಲು ಶಂಕಿಸುವುದು ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಆನುವಂಶಿಕ ಕಾಯಿಲೆಯನ್ನು. 1880ರಲ್ಲಿ ಇದನ್ನು ವಿವರಿಸಿದವರು ಫ್ರಾನ್ಸಿನ ಬೂರ್ನವಿಲ್.

9ನೇ ವರ್ಣತಂತುವಿನ ಟಿಎಸ್‌ಸಿ1 ಅಥವಾ 16ನೇ ವರ್ಣತಂತುವಿನ ಟಿಎಸ್‌ಸಿ2 ವಂಶವಾಹಿ ಕೆಟ್ಟರೆ, ಜೀವಕೋಶಗಳ ಬೆಳವಣಿಗೆ ನಡೆಸುವ ಎಂಟಾರ್ ಕಿಣ್ವಕ್ಕೆ ಕಡಿವಾಣ ತಪ್ಪುತ್ತದೆ. ಮಿದುಳು, ಮೂತ್ರಪಿಂಡ, ಚರ್ಮ, ಹೃದಯಗಳಲ್ಲಿ ಗಡ್ಡೆಗಳು ಬೆಳೆಯುತ್ತವೆ. ಇದು ಪ್ರಬಲ ಆನುವಂಶಿಕ ರೋಗ. ಹಾಗಿದ್ದೂ ಸುಮಾರು ಮೂರನೇ ಎರಡು ಪಾಲು ಪ್ರಕರಣಗಳಲ್ಲಿ ತಂದೆತಾಯಿಗೆ ರೋಗವಿರುವುದಿಲ್ಲ.

ಗರ್ಭದ 20ನೇ ವಾರದ ನಂತರದ ಸ್ಕ್ಯಾನಿಂಗ್‌ನಲ್ಲೇ ಗಡ್ಡೆ ಕಾಣಬಹುದು. ಕೆಲವು ಶಿಶುಗಳಲ್ಲಿ ರಕ್ತದ ಹರಿವಿಗೆ ಅಡ್ಡಬರುತ್ತದೆ, ಕೆಲವರಲ್ಲಿ ಬಡಿತದ ಲಯ ತಪ್ಪಿಸುತ್ತದೆ. ಇಂಥ ಲಯದೋಷಗಳಲ್ಲೊಂದಾದ ವುಲ್ಫ್-ಪಾರ್ಕಿನ್ಸನ್-ವೈಟ್ ಸಿಂಡ್ರೋಮ್ ಇದ್ದರೆ ಹೃತ್ಕರ್ಣದಿಂದ ಹೃತ್ಕುಕ್ಷಿಗೆ ವಿದ್ಯುತ್ ಸಂಕೇತ ಅಡ್ಡದಾರಿ ಹಿಡಿಯುತ್ತದೆ: ಇಸಿಜಿಯಲ್ಲಿ ಪಿಆರ್ ಅಂತರ ಕಿರಿದಾಗಿ, ಡೆಲ್ಟಾ ಅಲೆ ಮೂಡುತ್ತದೆ. ಆಗ ಕೂಸಿನ ಬಡಿತ ನಿಮಿಷಕ್ಕೆ 220 ದಾಟುವುದೂ ಉಂಟು.

ಸೋಜಿಗವೆಂದರೆ, ಬಹುತೇಕ ಗಡ್ಡೆಗಳು ಮೊದಲ ಕೆಲವು ವರ್ಷಗಳಲ್ಲಿ ತಾವಾಗಿಯೇ ಕುಗ್ಗುತ್ತವೆ. ಹಾಗಾಗಿ ಶಸ್ತ್ರಚಿಕಿತ್ಸೆ ವಿರಳ. ತೀವ್ರ ಪ್ರಕರಣಗಳಲ್ಲಿ ಎಂಟಾರ್ ತಡೆಯುವ ಎವೆರೊಲಿಮಸ್ ಅಥವಾ ಸಿರೊಲಿಮಸ್ ಬಳಸುತ್ತಾರೆ. ಸಿರೊಲಿಮಸ್ ಸಿಕ್ಕಿದ್ದು ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ.