ಫಾರ್ಮ್ಯಾಟ್‌ಗೆ ಒಪ್ಪುವ ಮುನ್ನ

ಪ್ರಶ್ನೆ: ಬನಶಂಕರಿ 2ನೇ ಹಂತದಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಯಜಮಾನರು ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ದೇವಸ್ಥಾನದ ಕರಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ ಎಲ್ಲವೂ ಅವರು ಹೊಂದಿಸಿಟ್ಟ ಒಂದೇ ವಿಂಡೋಸ್ 10 ಕಂಪ್ಯೂಟರಿನಲ್ಲಿದೆ. ಈಚೆಗೆ ಅದು ನೀಲಿ ಪರದೆ ತೋರಿಸಿ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ. ರಿಪೇರಿಯವರು 'ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕೋಣ' ಅಂತಾರೆ. ಮಗ 'ಫೈಲ್‌ಗಳನ್ನ ಪೆನ್‌ಡ್ರೈವಿಗೆ ಕಾಪಿ ಮಾಡ್ಕೋ, ಸಾಕಮ್ಮ' ಅಂತಾನೆ. ನುಡಿ, ಪೇಜ್‌ಮೇಕರ್, ಪ್ರಿಂಟರ್ ಸೆಟ್ಟಿಂಗ್ ಇವನ್ನೆಲ್ಲ ಮತ್ತೆ ಹೊಂದಿಸಲು ನನಗೆ ಬರುವುದಿಲ್ಲ. ರಾತ್ರಿ ನಿದ್ದೆಯೂ ಬರುತ್ತಿಲ್ಲ.

ಉತ್ತರ: ಅಮ್ಮ, ಮೊದಲು ಧೈರ್ಯ ತಂದುಕೊಳ್ಳಿ. ನೀಲಿ ಪರದೆ ಬಂದ ಮಾತ್ರಕ್ಕೆ ಒಳಗಿರುವುದು ಹೋಯಿತು ಎಂದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಇದೇ ನೀಲಿ ಪರದೆಯಲ್ಲಿ ನಿಂತುಬಿಟ್ಟವು. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಕೆಲಸವನ್ನು ಕೈಯಲ್ಲೇ ಮಾಡಬೇಕಾಯಿತು. ಆ ಒಂದು ಕೆಟ್ಟ ಫೈಲನ್ನು ಅಳಿಸಿದ ಮೇಲೆ ಕಂಪ್ಯೂಟರುಗಳು ಮತ್ತೆ ಎದ್ದವು.

ಫಾರ್ಮ್ಯಾಟ್ ಮಾಡಿದರೆ ಮಾತ್ರ ಅಷ್ಟು ಸುಲಭವಾಗಿ ಹಿಂದಿರುಗಲಾಗದು. ಆದ್ದರಿಂದ ಪೂರ್ತಿ ನಕಲು ಕೈಗೆ ಬರುವ ತನಕ ಯಾರು ಹೇಳಿದರೂ ಒಪ್ಪಬೇಡಿ.

ನಿಮ್ಮ ಮಗ ಹೇಳಿದ್ದು ಅರ್ಧ ಸರಿ. ಫೈಲ್ ಕಾಪಿಯಿಂದ ಲಗ್ನಪತ್ರಿಕೆಗಳು ಉಳಿಯುತ್ತವೆ, ಅವನ್ನು ತೆರೆಯುವ ವ್ಯವಸ್ಥೆ ಉಳಿಯುವುದಿಲ್ಲ. ವಿಂಡೋಸ್, ಅದರೊಳಗಿನ ತಂತ್ರಾಂಶ, ಫಾಂಟ್, ಪ್ರಿಂಟರ್ ಡ್ರೈವರ್ ಎಲ್ಲವನ್ನೂ ಇದ್ದಂತೆಯೇ ಹಿಡಿದಿಡುವುದಕ್ಕೆ ಸಿಸ್ಟಮ್ ಇಮೇಜ್ ಬೇಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಬ್ಯಾಕಪ್ ಅಂಡ್ ರಿಸ್ಟೋರ್' ಎಂಬುದಿದೆ. ಪಕ್ಕದಲ್ಲಿ ವಿಂಡೋಸ್ 7 ಎಂದು ಬರೆದಿದ್ದರೂ ನಿಮ್ಮ ವಿಂಡೋಸ್ 10ರಲ್ಲೂ ಕೆಲಸ ಮಾಡುತ್ತದೆ. ಅದರ ಎಡಗಡೆ 'ಕ್ರಿಯೇಟ್ ಎ ಸಿಸ್ಟಮ್ ಇಮೇಜ್' ಒತ್ತಿ, ಹೊರಗಿನ ಹಾರ್ಡ್‌ಡಿಸ್ಕ್ ತೋರಿಸಿ. ಸಿ ಡ್ರೈವ್ ತಾನಾಗಿ ಸೇರುತ್ತದೆ. ನಿಮ್ಮ ಕೆಲಸಗಳು ಡಿ ಡ್ರೈವ್‌ನಲ್ಲಿದ್ದರೆ ಅದಕ್ಕೂ ಟಿಕ್ ಹಾಕಲೇಬೇಕು. ಎಷ್ಟೋ ಜನ ಎಡವುವುದು ಇಲ್ಲೇ. ಇದರ ಜೊತೆಗೆ 16 ಜಿಬಿಗೆ ಕಡಿಮೆಯಿಲ್ಲದ ಖಾಲಿ ಪೆನ್‌ಡ್ರೈವಿನಲ್ಲಿ ರಿಕವರಿ ಡ್ರೈವ್ ಮಾಡಿಸಿ. ವಿಂಡೋಸ್ ಏಳದ ದಿನ ಕಂಪ್ಯೂಟರನ್ನು ಅದರಿಂದಲೇ ಎಬ್ಬಿಸಿ ಇಮೇಜನ್ನು ಮರಳಿ ತುಂಬಬೇಕು. 'ರಿಸ್ಟೋರ್ ಪಾಯಿಂಟ್ ಇದೆಯಲ್ಲ' ಎಂದು ಯಾರಾದರೂ ಹೇಳಿದರೆ ಅದರ ಮೇಲೆ ಭಾರ ಹಾಕಬೇಡಿ. ಅದು ಅದೇ ಡಿಸ್ಕಿನಲ್ಲಿ ಕೂತಿರುತ್ತದೆ, ಡಿಸ್ಕ್ ಸತ್ತರೆ ಅದೂ ಸತ್ತಂತೆ.

ಇಮೇಜ್ ತೆಗೆಯುವ ಮೊದಲು ಡಿಸ್ಕ್ ಹೇಗಿದೆ ಎಂದು ತಿಳಿಯಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಅದರ ಆರೋಗ್ಯ ತೋರಿಸುತ್ತದೆ. ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಕೂಡಲೇ ಆಫ್ ಮಾಡಿ. ಪದೇಪದೇ ಆನ್ ಮಾಡಿ ನೋಡಿದಷ್ಟೂ ಹಾನಿ ಹೆಚ್ಚು. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಮುಖ್ಯ ಫೈಲ್‌ಗಳನ್ನು ಮೊದಲು ಇಳಿಸಿಕೊಡುವಂತೆ ರಿಪೇರಿಯವರಿಗೆ ಹೇಳಿ. ಡಿಸ್ಕ್ ಗಟ್ಟಿಯಾಗಿದ್ದು ವಿಂಡೋಸೇ ಕೆಟ್ಟಿದ್ದರೆ ಆ ಕೆಡುಕು ಇಮೇಜಿನಲ್ಲೂ ಬರುತ್ತದೆ. ಆದರೂ ತೆಗೆದಿಡಿ. ರಿಪೇರಿ ಹೇಗೇ ಆದರೂ ಇವತ್ತಿನ ಸ್ಥಿತಿಗಾದರೂ ವಾಪಸ್ ಬರಬಹುದು.

ಕನ್ನಡದ ಡಿಟಿಪಿಯವರಿಗೇ ಇರುವ ತೊಂದರೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ವರ್ಷಗಳಿಂದ ಮಾಡಿದ ಹಳೆಯ ಕೆಲಸಗಳು ಹೆಚ್ಚಾಗಿ ಯೂನಿಕೋಡ್‌ನಲ್ಲಿಲ್ಲ. ಫೈಲಿನೊಳಗೆ ಇರುವುದು ಬೇರೆ ಸಂಕೇತಗಳು, 'ನುಡಿ 01 ಇ'ಯಂಥ ಫಾಂಟ್ ಇದ್ದಾಗಲೇ ಅವು ಕನ್ನಡವಾಗಿ ಕಾಣುವುದು. ಹೊಸ ವಿಂಡೋಸ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ವಧೂವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕೂತಿರುತ್ತವೆ. ಹೆದರಬೇಡಿ, ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ಅದಕ್ಕೇ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್, ನುಡಿ ಮತ್ತು ಪೇಜ್‌ಮೇಕರ್‌ನ ಇನ್‌ಸ್ಟಾಲರ್, ಸೀರಿಯಲ್ ನಂಬರ್ ಇಷ್ಟನ್ನೂ ಪ್ರತ್ಯೇಕ ಫೋಲ್ಡರಿನಲ್ಲಿಡಿ. ಯಾವುದಾದರೂ ತಂತ್ರಾಂಶಕ್ಕೆ ಡಾಂಗಲ್ ಇದ್ದರೆ ಅದು ಯಾವ ಇಮೇಜಿನಲ್ಲೂ ಸೇರದು, ಬೀಗದ ಕೈಯಂತೆ ಕಾಪಾಡಿಕೊಳ್ಳಿ. ಮತ್ತೆ ಬೇಕಾಗುವ ಪಠ್ಯಗಳನ್ನು ಬಿಡುವಿದ್ದಾಗ ಯೂನಿಕೋಡ್‌ಗೆ ಬದಲಾಯಿಸುತ್ತ ಬನ್ನಿ.

ಇನ್ನು ರಿಪೇರಿ. ಹಳೆಯ ಡಿಸ್ಕನ್ನು ಮುಟ್ಟದೆ ಹೊಸ ಎಸ್‌ಎಸ್‌ಡಿ ಒಂದನ್ನು ಹಾಕಿಸಿ, ಇಮೇಜನ್ನು ಅದಕ್ಕೆ ತುಂಬಿಸಿ. ವಿಂಡೋಸೇ ಕೆಟ್ಟಿದ್ದರೆ ಅದರ ರಿಪೇರಿಯೂ ಈ ನಕಲಿನ ಮೇಲೆಯೇ ಆಗಲಿ. ತುಂಬುವಾಗ ಎದುರಿನ ಡಿಸ್ಕಿನಲ್ಲಿರುವುದೆಲ್ಲ ಅಳಿಯುತ್ತದೆ, ಆದ್ದರಿಂದ ಹಳೆಯದರ ಕೇಬಲ್ ಕಳಚಿರಲಿ. ಹೊಸದು ಹಳೆಯದರಷ್ಟಾದರೂ ದೊಡ್ಡದಿರಬೇಕು, ಇಲ್ಲವಾದರೆ ವಿಂಡೋಸ್‌ನ ಈ ಸೌಲಭ್ಯ ಒಪ್ಪುವುದಿಲ್ಲ. ಎಸ್.ಪಿ. ರಸ್ತೆಗೇ ಹೋಗಬೇಕೆಂದಿಲ್ಲ, ಜಯನಗರದಲ್ಲೂ ಸಿಗುತ್ತದೆ. ರಿಪೇರಿಯವರ ಎದುರೇ ಒಂದು ಹಳೆಯ ಲಗ್ನಪತ್ರಿಕೆ ತೆರೆದು, ಒತ್ತಕ್ಷರಗಳನ್ನು ನೋಡಿ, ಪ್ರಿಂಟ್ ತೆಗೆದ ಮೇಲೆಯೇ ದುಡ್ಡು ಕೊಡಿ. ಒಮ್ಮೆಯಾದರೂ ಮರಳಿ ತುಂಬಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಯಂತ್ರವನ್ನು ಡಿಟಿಪಿಗೆ ಮಾತ್ರ ಇಟ್ಟುಕೊಂಡು, ಇಮೇಲ್ ಮತ್ತು ಬ್ಯಾಂಕ್ ಕೆಲಸವನ್ನು ಬೇರೆ ಕಡೆ ಮಾಡಿ. ಬ್ಯಾಕಪ್ ಡಿಸ್ಕ್ ಸದಾ ಚುಚ್ಚಿಯೇ ಇರುವುದು ಬೇಡ. 2017ರ ವಾನ್ನಾಕ್ರೈನಂಥ ವೈರಸ್‌ಗಳು ಜೋಡಿಸಿದ ಡಿಸ್ಕಿಗೂ ಬೀಗ ಹಾಕಿಬಿಡುತ್ತವೆ. ಇನ್ನೊಂದು ನಕಲು ಅಂಗಡಿಯಿಂದ ದೂರ, ಜೆ.ಪಿ. ನಗರದಲ್ಲೋ ಬಿಟಿಎಂನಲ್ಲೋ ಇರುವ ನೆಂಟರ ಮನೆಯ ಬೀರುವಿನಲ್ಲಿರಲಿ. ಹಳೆಯ ಡಿಸ್ಕಿಗೆ ತಾರೀಖು ಬರೆದು ಎತ್ತಿಡಿ. ಒಂದು ಲಗ್ನದ ಸೀಸನ್ ಪೂರ್ತಿ ಹೊಸದರಲ್ಲಿ ಕೆಲಸ ಸರಾಗವಾಗಿ ನಡೆದ ಮೇಲೆ ಅದನ್ನೇನು ಮಾಡಬೇಕೆಂದು ಯೋಚಿಸಿದರಾಯಿತು.